ಕಂಡಕ್ಟರಮ್ಮನ ಮೇಲೊಂದು ದೂರು

ಜನವರಿ 9

ಗುಂಡ,

ನಿನ್ನ ಸುರಂಗದ ಕ್ಯಾಂಪಿಗೆ ಫೋನು ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಒಂದು ಸಲ ಸಿಕ್ಕಿದ್ದಕ್ಕೆ ಬರೀ ಬಂಡೆ ಕೊರೆಯುವ ಯಂತ್ರದ ಸದ್ದು, ನಡುವೆ ನೀನು ಹಲೋ ಹಲೋ ಎಂದು ಬಡಕೊಳ್ಳುವುದು. ಇನ್ನು ಕಾಗದವೇ ಗತಿ. ರೇಷನ್ ಲಾರಿಯವನು ತಂದುಕೊಟ್ಟ ದಿನ ಓದಿಕೋ.

ಅಪ್ಪನಿಗೆ ಲಕ್ವ ಹೊಡೆದಿದೆ. ಆಸ್ಪತ್ರೆಗೆ ಸೇರಿಸಿದ್ದೇವೆ. ಹೆದರಬೇಡ, ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಬಲಗೈ, ಬಲಗಾಲು ಏಳುತ್ತಿಲ್ಲ, ಮಾತು ತೊದಲುತ್ತದೆ. ಊಟ ಸ್ವಲ್ಪ ನಿಧಾನ, ಅಷ್ಟೇ. ನಾನು ಶಾಲೆಯ ಯೂನಿಫಾರ್ಮುಗಳನ್ನು ಅರ್ಧ ಹೊಲಿದು ಮಷೀನಿನ ಮೇಲೇ ಬಿಟ್ಟು, ಮಕ್ಕಳನ್ನು ನಿನ್ನ ಭಾವನ ತಲೆಗೆ ಕಟ್ಟಿ ಓಡಿಬಂದೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಗೇಟಿನ ವಾಚ್‌ಮನ್ ನೋಡಿ, "ಯಾರ ಅಳತೆ ತಗೊಳ್ಳೋಕೆ ಬಂದ್ರಮ್ಮ?" ಎಂದ. ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮಾತೇ ಅದು!

ಇಲ್ಲೊಬ್ಬ ನರ್ಸಮ್ಮ ಇದ್ದಾಳೆ. ಕಂಡಕ್ಟರಮ್ಮ ಎಂದು ನಾನೇ ಹೆಸರಿಟ್ಟಿದ್ದೇನೆ. ಅಪ್ಪ ಬಸ್ ಡ್ರೈವರಾಗಿದ್ದವರು ಎಂದು ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು ನೋಡು. ಊಟ ತಿನ್ನಿಸುವಾಗ ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚುತ್ತಾಳೆ. ಚಮಚ ಬಾಯಿಗೆ ಹೋದ ಕೂಡಲೇ "ಹೋಲ್ಡಾನ್!" ಅಪ್ಪ ತುಟಿ ಮುಚ್ಚಬೇಕು. ಆಮೇಲೆ "ರೈಟ್!" ಆಗ ನುಂಗಬೇಕು. ತಡವಾದರೆ, "ಏನ್ ಡ್ರೈವರ್ ಸಾಹೇಬ್ರೇ, ಬ್ರೇಕ್ ತುಳ್ಕೊಂಡೇ ಕೂತ್ರಾ? ಹಿಂದೆ ಗಾಡಿ ನಿಂತಿದೆ, ಬಿಡ್ರೀ!" ಎನ್ನುತ್ತಾಳೆ. ಡಿಪೋ ಮ್ಯಾನೇಜರನ್ನೇ ಹೆದರಿಸಿದ್ದ ಮನುಷ್ಯ ಇವಳ ಮುಂದೆ ಗಪ್‌ಚಿಪ್. ಅಕ್ಕಪಕ್ಕದ ಹಾಸಿಗೆಯವರೆಲ್ಲ ನೋಡುತ್ತಾರೆ. ನನಗೋ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನಿಸುತ್ತದೆ.

ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಆಯಾ ಬಂದಳು, ಅಪ್ಪನ ಬೆನ್ನು ಒರೆಸಬೇಕಂತೆ. ಇಲ್ಲಿಗೇ ನಿಲ್ಲಿಸುತ್ತೇನೆ.

ಅಕ್ಕ

•

ಜನವರಿ 15

ಅಕ್ಕ,

ನಿನ್ನ ಕಾಗದ ಓದಿ ಮುಗಿಸಿ ನೇರ ಆಫೀಸಿಗೆ ಓಡಿದೆ. ರಜೆ ಕೇಳಿದೆ. ಫೋರ್‌ಮನ್ ಕೈ ಮುಗಿದ. ಸುರಂಗದ ಒಂದು ಕಡೆ ನೀರು ಒಸರುತ್ತಿದೆ, ಆ ಭಾಗದ ಒಳಗೋಡೆ ಮುಗಿಯುವ ತನಕ ಕಾಂಕ್ರೀಟ್ ತುಂಬುವವರಲ್ಲಿ ಒಬ್ಬರನ್ನೂ ಬಿಡುವಂತಿಲ್ಲವಂತೆ. ಪಂಪು ಹಿಡಿಯುವವನು ನಾನು. ಕೈ ಇಲ್ಲಿದೆ, ಜೀವ ಅಲ್ಲಿದೆ.

ಅಪ್ಪನ ಮೇಲೆ ಕಿರುಚುತ್ತಾಳೆ ಎಂದರೆ ಏನಕ್ಕ? ಅವರಿಗೆ ಕಿವಿ ಚೆನ್ನಾಗಿಯೇ ಇದೆಯಲ್ಲ? ಇನ್ನೇನೇನು ಮಾಡುತ್ತಾಳೆ? ಒಂದೂ ಬಿಡದೆ ಬರೆ.

ತಮ್ಮ

•

ಜನವರಿ 19

ಗುಂಡ,

ಒಂದೂ ಬಿಡದೆ ಬರೆ ಎಂದಿದ್ದೀಯ. ತಗೋ.

ಅಪ್ಪ ನೀರು ಕೇಳಿದರೆ ಒಂದು ಹನಿ ಕೊಡುವುದಿಲ್ಲ. ಲೋಟ ತೋರಿಸಿ ತೋರಿಸಿ ಕಣ್ಣಲ್ಲಿ ನೀರು ತಂದುಕೊಂಡರು, ಅವಳ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನಾನು ಕದ್ದು ಕೊಡಲು ಹೋದೆ. ಎಲ್ಲಿದ್ದಳೋ, ಹದ್ದಿನ ಹಾಗೆ ಬಂದು ಲೋಟ ಕಿತ್ತುಕೊಂಡು ನನ್ನನ್ನು ವರಾಂಡಕ್ಕೆ ಅಟ್ಟಿದಳು. ಎರಡು ಮಕ್ಕಳ ತಾಯಿ ನಾನು, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹಾಗೆ ನಿಂತಿದ್ದೆ. ನೀನು ನೋಡಿದ್ದರೆ ನಗುತ್ತಿದ್ದೆ.

ಈಗ ಹೊಸದು ಕೇಳು. ಸರಿಯಾಗಿರುವ ಎಡಗೈಗೆ ಚೀಲ ತೊಡಿಸಿ ಮಣಿಕಟ್ಟಿನಲ್ಲಿ ದಾರ ಬಿಗಿದಿದ್ದಾಳೆ. ಅಪ್ಪ ಚಮಚ ಹಿಡಿಯಲು ಒದ್ದಾಡುತ್ತಾರೆ, ಬೆವರುತ್ತಾರೆ, ಬಾಯಿಗೆ ಬಂದದ್ದು ಬೈಯುತ್ತಾರೆ. ಮಾತು ತೊದಲಿದರೂ ಬೈಗುಳ ಸ್ಪಷ್ಟವಾಗಿ ಬರುತ್ತದೆ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡುತ್ತಾಳೆ. ಇಂಥವಳನ್ನು ಎಲ್ಲಿಂದ ಹಿಡಿದು ತಂದರೋ. ಕಲ್ಲಿಗಾದರೂ ಕರುಣೆ ಬರಬೇಕು, ಇವಳಿಗೆ ಬರುವುದಿಲ್ಲ. ಮನೆಯಲ್ಲಿ ಅವಳ ಗಂಡನ ಪಾಡು ನೆನೆಸಿಕೊಂಡರೆ ಅಯ್ಯೋ ಅನಿಸುತ್ತದೆ.

ನಿನ್ನೆ ಅವಳಿಗೆ ರಜೆ. ದಿನ ಹೋಗುವುದೇ ಕಷ್ಟವಾಯಿತು.

ನೀನು ಊಟ ಸರಿಯಾಗಿ ಮಾಡು. ಹೆಲ್ಮೆಟ್ ಹಾಕದೆ ಒಳಗೆ ಹೋಗಬೇಡ.

ಅಕ್ಕ

•

ಜನವರಿ 24

ಅಕ್ಕ,

ನಿನ್ನ ಕಾಗದ ಓದಿದೆ. ಮತ್ತೆ ಓದಿದೆ. ಆಮೇಲೆ ಊಟದ ತಟ್ಟೆ ಸರಿಸಿ ಪೆನ್ನು ತಗೊಂಡೆ.

ನೀನು ಹುಟ್ಟಿದಾಗಿನಿಂದ ಹೀಗೆಯೇ. ನಾಲ್ಕು ಮಾತು ಬೈದು ಮನಸ್ಸು ಹಗುರ ಮಾಡಿಕೊಂಡು ಸುಮ್ಮನಾಗುತ್ತೀಯ. ಇದು ಸುಮ್ಮನಿರುವ ವಿಷಯವಲ್ಲ. ನಾನು ಬೇಕಾದ ವ್ಯವಸ್ಥೆ ಮಾಡಿದ್ದೇನೆ. ನೀನು ಇದರಲ್ಲಿ ತಲೆ ಹಾಕಬೇಡ. ಅಪ್ಪನಿಗೆ ಧೈರ್ಯ ಹೇಳು, ಇನ್ನು ಸ್ವಲ್ಪ ದಿನ ಅಷ್ಟೇ ಎನ್ನು.

ಲಾರಿ ಹೊರಟಿದೆ, ಹಾರ್ನ್ ಹೊಡೆಯುತ್ತಿದ್ದಾನೆ.

ತಮ್ಮ

•

ಫೆಬ್ರವರಿ 2

ಗುಂಡ,

ಅದೇನು ವ್ಯವಸ್ಥೆ ಮಾಡಿದೆ ಮಾರಾಯ? ದುಡ್ಡು ಕಳಿಸಿದ್ದೀಯಾ? ದೊಡ್ಡ ಡಾಕ್ಟರಿಗೆ ಹೇಳಿಸಿದ್ದೀಯಾ? ಏನಾದರೂ ಸರಿ, ಬೇಗ ಬರಲಿ. ಇಲ್ಲಿ ಎಲ್ಲ ತಲೆಕೆಳಗಾಗಿದೆ.

ಕಂಡಕ್ಟರಮ್ಮನನ್ನು ವಾರ್ಡಿನಿಂದ ತೆಗೆದುಹಾಕಿದ್ದಾರೆ. ಯಾವನೋ ಅವಳ ಮೇಲೆ ದೂರು ಬರೆದಿದ್ದಾನಂತೆ. ವಿಚಾರಣೆ ಮುಗಿಯುವ ತನಕ ರೋಗಿಗಳ ಹತ್ತಿರ ಸುಳಿಯುವಂತಿಲ್ಲ. ಕೆಳಗಡೆ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಗಳನ್ನು ಬೇರೆ ಮಾಡುತ್ತಾ ಕೂತಿದ್ದಾಳೆ. ಆ ಕೈಯಲ್ಲಿ ಮಾಡಿಸುವ ಕೆಲಸವೇ ಅದು?

ಅವಳು ಹೋದ ದಿನದಿಂದ ಅಪ್ಪ ಬಾಯಿ ಬಿಟ್ಟಿಲ್ಲ. ಹೊಸ ನರ್ಸು ಒಳ್ಳೆಯ ಹುಡುಗಿ, "ತಾತಾ, ಒಂದೇ ಒಂದು ಚಮಚ ತಾತಾ" ಎಂದು ಮೃದುವಾಗಿ ಕೇಳುತ್ತಾಳೆ. ಅಪ್ಪ ಗೋಡೆ ಕಡೆ ತಿರುಗುತ್ತಾರೆ. ನಾನು ಕಂಡಕ್ಟರಮ್ಮನ ಹಾಗೆ "ರೈಟ್" ಎಂದು ನೋಡಿದೆ. ಅಪ್ಪ ನನ್ನನ್ನು ನೋಡಿದ ನೋಟ ಇದೆಯಲ್ಲ, ಭೂಮಿ ಬಾಯಿಬಿಟ್ಟರೆ ಸಾಕಪ್ಪ ಅನಿಸಿತು. ಕಂಡಕ್ಟರ್ ಹೇಳಿದರೆ ಡ್ರೈವರ್ ಕೇಳಬಹುದು. ಮಗಳ ಬಾಯಲ್ಲಿ ಅದು ಅವಮಾನ.

ಕೊನೆಗೆ ಮೂಗಿನಲ್ಲಿ ನಳಿಗೆ ಹಾಕಿದರು. ಎಡಗೈಯಲ್ಲಿ ಕಿತ್ತು ಬಿಸಾಕಿದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಈಗ ಆ ಕೈಯನ್ನು ಮಂಚದ ಸರಳಿಗೆ ಬ್ಯಾಂಡೇಜಿನಲ್ಲಿ ಕಟ್ಟಿದ್ದಾರೆ. ನಿಜವಾಗಿ ಕಟ್ಟಿದ್ದಾರೆ, ಗುಂಡ.

ಆ ದೂರು ಬರೆದ ಪುಣ್ಯಾತ್ಮ ಯಾರೋ, ಅವನ ಕೈಗೆ ಹುಳ ಬೀಳಲಿ. ಮಾಡಲು ಕೆಲಸವಿಲ್ಲದವನು. ತಾನು ಬಂದು ಒಂದು ದಿನ ರೋಗಿಯ ಪಕ್ಕ ಕೂರುವ ಯೋಗ್ಯತೆ ಇಲ್ಲ, ಕೂತವರ ಮೇಲೆ ಕಲ್ಲು ಹೊಡೆಯಲು ಬಂದ. ಅವನ ಮನೆಯವರಿಗೂ ಹೀಗೇ ಆದಾಗ ಗೊತ್ತಾಗುತ್ತದೆ.

ಅಕ್ಕ

•

ಫೆಬ್ರವರಿ 5

ಅಕ್ಕ,

ನಿನ್ನ ಕಾಗದ ಬಂತು.

ಇಲ್ಲಿ ನೀರು ಇನ್ನೂ ಒಸರುತ್ತಿದೆ. ಕೆಲಸ ಜೋರಾಗಿದೆ. ಚಳಿ ಇದೆ. ನನಗೆ ಸ್ವಲ್ಪ ಕೆಮ್ಮು.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆ ನರ್ಸು ನಿಜಕ್ಕೂ ಒಳ್ಳೆಯವಳೇ? ನೀನೇ ಬರೆದಿದ್ದೆಯಲ್ಲ ಕಲ್ಲಿಗಿಂತ ಕಡೆ ಎಂದು? ದೂರು ಕೊಟ್ಟವನಿಗೂ ಏನೋ ಕಾರಣ ಇದ್ದಿರಬಹುದು. ಸುಮ್ಮಸುಮ್ಮನೆ ಯಾರು ಬರೆಯುತ್ತಾರೆ?

ವಿಚಾರಣೆ ಯಾವಾಗ? ಬರೆದವನು ವಾಪಸು ತೆಗೆದುಕೊಂಡರೆ ಮುಗಿಯುತ್ತದೆಯೇ? ಯಾರನ್ನಾದರೂ ಕೇಳಿ ತಿಳಿಸು. ಸುಮ್ಮನೆ ಕೇಳಿದೆ.

ತಮ್ಮ

•

ಫೆಬ್ರವರಿ 7

ಇವತ್ತು ಮೇಟ್ರನ್ ನನ್ನನ್ನು ಕರೆಸಿದರು. ದೂರನ್ನು ಓದಿ ಹೇಳಿದರು.

"ಕಲ್ಲಿಗಾದರೂ ಕರುಣೆ ಬರಬೇಕು." "ಹದ್ದಿನ ಹಾಗೆ ಬಂದು ಲೋಟ ಕಿತ್ತುಕೊಂಡಳು." ನನ್ನ ಮಾತು ನನಗೇ ಗುರುತು ಸಿಗದೆ ಇರುತ್ತದೆಯೇ? ಕೆಳಗಿನ ಹೆಸರನ್ನು ಅವರು ಓದುವ ಮೊದಲೇ ನಾನೇ ನಿನ್ನ ಹೆಸರು ಹೇಳಿಬಿಟ್ಟೆ.

ಇವತ್ತು ಇಷ್ಟೇ ಬರೆಯಲು ಆಗುವುದು.

•

ಫೆಬ್ರವರಿ 9

ನಿನ್ನ ಕೆಮ್ಮಿನ ಕಾಗದ ಇವತ್ತು ಬಂತು. "ಸುಮ್ಮನೆ ಕೇಳಿದೆ" ಅಂತೆ. ಆಹಾ!

ಎರಡು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ನಿನಗೆ ಬೈದು ಮುಗಿದ ಮೇಲೆ ನನಗೆ ಬೈದುಕೊಂಡೆ. ಈಗ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಬರೆಯದ ಹಾಗೆ ಬರೆಯುತ್ತೇನೆ, ಓದು.

ನೀನು ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದಾಗ ಅಮ್ಮ ಏನಂದಳು? "ಕತ್ತೆಗಳ ನಡುವೆ ಇದೊಂದು ಕುದುರೆ, ಏನು ಮಹಾ!" ಎಂದು ಒಳಗೆ ಹೋದಳು. ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಒಳ್ಳೆಯದನ್ನು ಒಳ್ಳೆಯದು ಎಂದು ಬಾಯಿಬಿಟ್ಟರೆ ಅದು ಕೆಡುತ್ತದೆ ಎಂಬ ಹೆದರಿಕೆ ಅವಳಿಗೆ. ನಮ್ಮ ಮನೆಯಲ್ಲಿ ಬೈಗುಳವೇ ಹೊಗಳಿಕೆ. ಅಮ್ಮ ಹೋದಾಗ ನೀನು ಚಿಕ್ಕವನು, ಆಮೇಲೆ ಹಾಸ್ಟೆಲು, ಆಮೇಲೆ ಸುರಂಗ. ಮರೆತುಬಿಟ್ಟೆ. ನನಗೆ ಮರೆಯಲು ಆಗಲಿಲ್ಲ. ಆ ಹೆಂಗಸನ್ನು ನಾನು ಹೊಗಳಿದರೆ ಎಲ್ಲಿ ನಾಳೆ ಅವಳು ಬರುವುದಿಲ್ಲವೋ ಎಂದು ಹೆದರಿ ಬೈದೆ. ಬೈದರೂ ಅವಳು ಹೋದಳು.

ಬಂದ ಮೊದಲ ದಿನಗಳನ್ನು ನಿನಗೆ ಬರೆಯಲೇ ಇಲ್ಲ. ಅಪ್ಪ ಉಣ್ಣಲೊಲ್ಲೆ ಎಂದಿದ್ದರು. ನಿಧಾನ ಅಲ್ಲ, ಒಲ್ಲೆ. ಎಡಗೈಯನ್ನು ಕುತ್ತಿಗೆಯ ಹತ್ತಿರ ಅಡ್ಡ ಎಳೆದು, ಸಾಕು ಮುಗಿಸಿಬಿಡಿ ಎಂದು ನನಗೆ ಸನ್ನೆ ಮಾಡಿದರು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಬಂದವಳು, ನನ್ನ ಪಕ್ಕ ಕೂತಳು. ಸಮಾಧಾನ ಹೇಳಲಿಲ್ಲ. "ನಿಮ್ಮ ತಂದೆ ಏನ್ ಕೆಲಸ ಮಾಡ್ತಿದ್ರು?" ಎಂದು ಕೇಳಿದಳು. ಕೇಳಿಕೊಂಡು ಮನೆಗೆ ಹೋಗಲಿಲ್ಲ, ವಾಪಸು ಮೇಲೆ ಹತ್ತಿದಳು. ಆ ಸಂಜೆ ಅಪ್ಪ ಮೊದಲ ಚಮಚ ನುಂಗಿದರು. ಬಾಯಿತಪ್ಪಿ ಹೇಳಿದೆ ಎಂದು ನಿನಗೆ ಬರೆದೆನಲ್ಲ, ಅದು ಇದು.

ನೀರು ಯಾಕೆ ಕೊಡಲಿಲ್ಲ ಗೊತ್ತಾ? ಅಪ್ಪನ ಗಂಟಲು ದಾರಿ ತಪ್ಪಿದೆ. ತೆಳ್ಳಗಿರುವುದೆಲ್ಲ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಟ್ಟಿಯಾಗಿ ಕಲಸಿದ್ದನ್ನು ಮಾತ್ರ ಕೊಡಬೇಕು. ನಾನು ಕದ್ದು ಕೊಟ್ಟ ಗುಟುಕಿಗೆ ಅಪ್ಪನ ಮುಖ ನೀಲಿಗಟ್ಟಿತ್ತು. ಅವಳು ಬೆನ್ನು ಗುದ್ದಿ, ಗಂಟಲಿಗೆ ಪೈಪು ಹಾಕಿ ನೀರು ಎಳೆದು, ಜೀವ ಉಳಿಸಿದ ಮೇಲೆ ನನ್ನನ್ನು ಹೊರಗೆ ಅಟ್ಟಿದ್ದು. ನೀನು ಹೆದರುತ್ತೀಯ ಎಂದು ಅರ್ಧ ಬರೆದೆ. ಅರ್ಧ ಬರೆದದ್ದೇ ಕತ್ತಿಯಾಯಿತು.

ಇನ್ನು ಆ ಚೀಲ. ಒಳ್ಳೆಯ ಕೈ ಸುಮ್ಮನಿದ್ದರೆ ಬಿದ್ದ ಕೈ ಕೆಲಸ ಕಲಿಯುತ್ತದೆಯಂತೆ, ದಿನಕ್ಕೆ ಸ್ವಲ್ಪ ಹೊತ್ತು ಹಾಗೆ ಮಾಡಿಸುತ್ತಾರೆ. ಅದನ್ನು ಹೊಲಿದವಳು ನಾನೇ. ನನ್ನ ಬ್ಯಾಗಿನಲ್ಲಿ ಉಳಿದಿದ್ದ ಯೂನಿಫಾರ್ಮಿನ ತುಂಡಿನಲ್ಲಿ, ಕೈಸೂಜಿಯಲ್ಲಿ, ಒಳಗೆ ಹತ್ತಿ ಇಟ್ಟು, ಮಣಿಕಟ್ಟಿಗೆ ಒತ್ತದ ಹಾಗೆ ಮೆತ್ತನೆಯ ಪಟ್ಟಿ ಕೊಟ್ಟು ಹೊಲಿದೆ. ಅವಳು ನೋಡಿ, "ಇದೇನಮ್ಮ ಮದುಮಗನ ಕೈಗವಸಾ?" ಎಂದು ನಕ್ಕಳು. ಅಪ್ಪನ ಬಲಗೈಯ ಎರಡು ಬೆರಳು ಅಲ್ಲಾಡಿದ ದಿನ ನಾವಿಬ್ಬರೂ ವರಾಂಡದಲ್ಲಿ ಕೈ ಹಿಡಿದು ಕುಣಿದೆವು.

ಅವಳೊಬ್ಬಳೇ ಅಲ್ಲ. ಆಯಾ ಇದ್ದಾಳಲ್ಲ, ಅಪ್ಪನ ಬಟ್ಟೆ ಬದಲಾಯಿಸುವಾಗ ನನ್ನನ್ನು ಆಚೆ ಕಳಿಸಿ, "ಮಗಳು ನೋಡಿಲ್ಲ ತಗೊಳ್ಳಿ" ಎಂದು ಅವರಿಗೆ ಹೇಳುತ್ತಾಳೆ. ಇವರಿಗೆಲ್ಲ ನಾನು ಒಂದು ಒಳ್ಳೆಯ ಮಾತು ಆಡಿಲ್ಲ ಗುಂಡ. ಈಗ ಹೇಳುತ್ತೇನೆ, ಕೆಟ್ಟರೆ ಕೆಡಲಿ. ಅವರು ದೇವರಂಥವರು.

ಈ ತಿಂಗಳ ಕೊನೆಯೊಳಗೆ ಬಾಯಲ್ಲಿ ಉಣ್ಣದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಗೆ ಹಾಕುತ್ತಾರೆ. ಆಮೇಲೆ ಅಪ್ಪ ಗೋಡೆ ಕಡೆಯಿಂದ ಈ ಕಡೆ ತಿರುಗುವುದಿಲ್ಲ. ನನಗೆ ಗೊತ್ತು. ಮೇಟ್ರನ್ ಹೇಳಿದರು, ಬರೆದವನು ಕಾಗದದಲ್ಲಿ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ, ಎದುರು ನಿಂತು ಹೇಳಬೇಕು.

ಬರುವುದಾದರೆ ಬಾ. ಕಾಗದ ಬರೆಯಬೇಡ.

•

ಫೆಬ್ರವರಿ 12

ಅಕ್ಕ,

ಬರೆಯಬೇಡ ಎಂದಿದ್ದೀಯ. ಬರೆಯದೆ ಹೊರಡಲು ಧೈರ್ಯ ಸಾಲುತ್ತಿಲ್ಲ. ಫೋರ್‌ಮನ್ ಬಿಡುವುದಿಲ್ಲ ಎಂದ. ಕೆಲಸ ಹೋದರೆ ಹೋಗಲಿ ಎಂದು ಪಂಪನ್ನು ಪಕ್ಕದವನ ಕೈಗೆ ಕೊಟ್ಟೆ. ನಾಳೆ ಇದೇ ಲಾರಿಯಲ್ಲಿ, ಖಾಲಿ ಮೂಟೆಗಳ ಮೇಲೆ ಕೂತು ಬರುತ್ತೇನೆ. ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ.

ಬೈಯಲು ತಯಾರಾಗಿರು. ದಯವಿಟ್ಟು ಬೈ. ಸುಮ್ಮನಿರಬೇಡ.

•

ಫೆಬ್ರವರಿ 24
ಆಸ್ಪತ್ರೆಯಿಂದ

ಅಕ್ಕ,

ನಾನು ಬಂದಿಳಿದಾಗ ನೀನು ಸುಮ್ಮನೇ ಇದ್ದೆ. ಟವೆಲು, ಬಟ್ಟಲು ನನ್ನ ಕೈಗೆ ಕೊಟ್ಟು, ಮಕ್ಕಳಿಗೆ ಜ್ವರ ಎಂದು ಬಸ್ ಹತ್ತಿದೆ. ಕಿಟಕಿಯಿಂದ ಒಂದು ಸಲ ತಿರುಗಿಯೂ ನೋಡಲಿಲ್ಲ. ಫೋನಿನಲ್ಲೂ "ಅಪ್ಪ ಹೇಗಿದ್ದಾರೆ" ಬಿಟ್ಟರೆ ಇನ್ನೊಂದು ಮಾತಿಲ್ಲ. ವಾರ್ಡಿನ ನಡುವೆ ನಿಂತು ಫೋನಿನಲ್ಲಿ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ.

ವಿಚಾರಣೆ ಮೊನ್ನೆ ಆಯಿತು. ಮೇಟ್ರನ್ ಮೇಜಿನ ಹಿಂದೆ, ನಾನು ಈ ಕಡೆ, ಕಂಡಕ್ಟರಮ್ಮ ಬಾಗಿಲ ಹತ್ತಿರ. ನಾನು ಅವಳನ್ನು ಎತ್ತರದ ಗಟ್ಟಿಗಿತ್ತಿ ಎಂದುಕೊಂಡಿದ್ದೆ. ಸಣ್ಣ ಜೀವ, ನನ್ನ ಭುಜಕ್ಕೆ ಬಂದರೆ ಹೆಚ್ಚು. ಎಲ್ಲಿಂದ ಅಷ್ಟು ಸದ್ದು ಹೊರಡುತ್ತದೋ.

"ಇದರಲ್ಲಿ ಬರೆದಿರೋದು ಸುಳ್ಳಾ?" ಎಂದು ಮೇಟ್ರನ್ ನನ್ನನ್ನು ಕೇಳಿದರು.

"ಒಂದೂ ಸುಳ್ಳಲ್ಲ ಮೇಡಂ. ಕಿರುಚಿದ್ದು ನಿಜ, ನೀರು ಕೊಡದೆ ಇದ್ದದ್ದು ನಿಜ, ಕೈಗೆ ಚೀಲ ಹಾಕಿದ್ದೂ ನಿಜ. ಅದರಿಂದಲೇ ನಮ್ಮಪ್ಪ ಉಳಿದ್ರು ಅನ್ನೋದು ನಂಗೆ ಗೊತ್ತಿರಲಿಲ್ಲ. ನೋಡದೇ ಬರೆದೆ."

ಕಂಡಕ್ಟರಮ್ಮನ ಕಡೆ ತಿರುಗಿದ ಕೂಡಲೇ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತು ಮರೆತೇಹೋಯಿತು. ಕೈ ಮುಗಿದೆ. ಅವಳು ನನ್ನ ಕೈಯನ್ನು ನೋಡಲಿಲ್ಲ. "ನನ್ನ ಮಗಳು ಕೇಳಿದ್ಲು," ಎಂದಳು, "ಅಮ್ಮಾ, ನೀನು ರೋಗಿಗಳಿಗೆ ಹಿಂಸೆ ಕೊಡ್ತೀಯಾ ಅಂತ. ಅವಳಿಗೆ ಏನ್ ಹೇಳಲಿ, ನೀವೇ ಹೇಳಿ." ಮುಗಿದ ಕೈ ಇಳಿಸಿದೆ. ಆಮೇಲೆ ಅವಳೇ ಕೇಳಿದಳು, "ನಿಮ್ಮಪ್ಪ ಉಂಡ್ರಾ?" ಇಲ್ಲ ಎಂದೆ. "ಮೇಡಂ, ನಾನು ಹೋಗ್ಲಾ?" ಎಂದು ಮೇಟ್ರನ್ ಕಡೆ ತಿರುಗಿದಳು.

ವಾರ್ಡಿಗೆ ವಾಪಸು ಹಾಕಿದರು. ಆದರೆ ಒಂದು ಸಲ ದೂರು ಬಂದ ಮೇಲೆ ಆ ರೋಗಿಯ ಹಾಸಿಗೆಗೆ ಆ ನರ್ಸು ಬರುವಂತಿಲ್ಲವಂತೆ, ಅದು ಇಲ್ಲಿಯ ನಿಯಮ. ಮೇಟ್ರನ್ ಕಾಲು ಹಿಡಿಯುವುದೊಂದು ಬಾಕಿ, ಅವರು ಕೇಳಲಿಲ್ಲ. ಅವಳಿಗೆ ಎದುರು ಸಾಲು. ನಡುವೆ ಒಂದು ಟ್ರಾಲಿ ಹೋಗುವಷ್ಟು ಜಾಗ. ನಾನು ಮಾಡಿದ ಕೆಲಸ ಆ ಜಾಗದಲ್ಲಿ ಬಿದ್ದಿದೆ, ದಾಟಲು ಅವಳಿಗೆ ಆಗುವುದಿಲ್ಲ, ಎತ್ತಲು ನನಗೆ ಆಗುವುದಿಲ್ಲ.

ತಿನ್ನಿಸುವುದು ನನ್ನ ಪಾಲಿಗೆ ಬಂತು. ನನ್ನನ್ನು ನೋಡಿದರೆ ಅಪ್ಪನ ಕಣ್ಣು ತುಂಬುತ್ತದೆ, ತುಟಿ ಮಾತ್ರ ಬಿಗಿ. ಮಗನ ಕೈಯಲ್ಲಿ ಉಣ್ಣುವುದೆಂದರೆ ಸೋತ ಹಾಗೆ ಅವರಿಗೆ. ಹೊಸ ನರ್ಸು ಹೇಳಿಕೊಟ್ಟ ಹಾಗೆ ಮಾಡಿದೆ, ಬೇಡಿಕೊಂಡೆ, ಕೋಪ ಮಾಡಿಕೊಂಡೆ, ಬಟ್ಟಲನ್ನು ಹಾಗೇ ವಾಪಸು ಕೊಟ್ಟೆ. ನಾಡಿದ್ದು ಹೊಟ್ಟೆಗೆ ನಳಿಗೆ ಹಾಕಲು ದಿನ ಗೊತ್ತು ಮಾಡಿದ್ದರು. ನಿನಗೆ ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಕೂತೆ. ತಲೆ ಕೆಟ್ಟುಹೋಗಿತ್ತು. ತುಟಿಯ ಸಂದಿಯಲ್ಲಿ ಚಮಚ ತುರುಕಲು ಹೋದೆ. ಎಲ್ಲ ಗಲ್ಲದ ಮೇಲೆ, ಅಂಗಿಯ ಮೇಲೆ. ಆಗ ಎದುರು ಸಾಲಿನಿಂದ ಬಂತು ನೋಡು, ಛಾವಣಿ ಹಾರುವ ಹಾಗೆ:

"ಏನ್ರೀ ಸುರಂಗದವರೇ! ಅದು ಮನುಷ್ಯರ ಬಾಯಿ ಕಣ್ರೀ, ಕಾಂಕ್ರೀಟ್ ತುಂಬೋ ಗೋಡೆ ಅಲ್ಲ! ಪಂಪ್ ಹಚ್ಚಿಬಿಡಿ ಇನ್ನೇನು!"

ಇಡೀ ವಾರ್ಡು ತಿರುಗಿತು. ನಾನು ಚಮಚ ಹಿಡಿದು ಕಳ್ಳನ ಹಾಗೆ ನಿಂತೆ. ಅಪ್ಪ ನನ್ನ ಮುಖ ನೋಡಿದರು, ಅವಳ ಕಡೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ನಕ್ಕುಬಿಟ್ಟರು ಅಕ್ಕ. ಒಂದೇ ಪಕ್ಕದ ನಗು, ಸದ್ದಿಲ್ಲದ್ದು, ಹೊಟ್ಟೆ ಕುಲುಕುವಂಥದ್ದು. ಬಾಯಿ ತೆರೆಯಿತು. ನಾನು ಅವಸರದಲ್ಲಿ ಚಮಚ ಎತ್ತಿದೆ.

"ತಡೀರೀ! ನಗು ಮುಗೀಲಿ ಮೊದಲು. ಗಲ್ಲ ಎದೆ ಕಡೆ ಬಗ್ಗಿಸಿ. ಚಮಚದ ತುದಿಯಲ್ಲಿ ಇಷ್ಟೇ ಇಷ್ಟು. ಹಾಂ, ಈಗ. ಗಂಟಲು ನೋಡ್ರೀ, ನನ್ನ ಮುಖ ಏನ್ ನೋಡ್ತೀರಿ?"

ನಡುವಿನ ಜಾಗ ಅವಳು ದಾಟಲಿಲ್ಲ. ಅಲ್ಲೇ ಇನ್ನೊಬ್ಬರ ಹಾಸು ಮಡಿಸುತ್ತಾ, ಒಂದೊಂದು ಚಮಚಕ್ಕೂ ನನ್ನ ಮಾನ ಕಳೆದಳು. ಅಪ್ಪ ನನ್ನ ಅವಸ್ಥೆ ನೋಡುತ್ತಾ ನುಂಗಿದರು. ಮತ್ತೆ ಬಾಯಿ ಬಿಟ್ಟರು. ಅರ್ಧ ಬಟ್ಟಲು ಇಳಿಯಿತು. ಸಂಜೆ ಡಾಕ್ಟರು ಬಂದು, ಹೊಟ್ಟೆಯ ನಳಿಗೆ ಈಗ ಬೇಡ, ನೋಡೋಣ ಎಂದು ಹೋದರು.

ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ಅಂದುಕೊಂಡಿಲ್ಲ. ಆಮೇಲೆ ಎರಡು ಸಲ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲಿಲ್ಲ. ಆದರೆ ಮಧ್ಯಾಹ್ನ, ಅಪ್ಪನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ನನಗೆ ತಡೆಯಲಾಗದೆ ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟೆನಲ್ಲ, ಅದಕ್ಕೂ ಅಲ್ಲಿಂದಲೇ ಬೈದಳು:

"ಆ ಕಡೆ ತಿರುಗಿ ಅಳ್ರೀ! ಬಟ್ಟಲಿಗೆ ಬಿದ್ದು ಊಟ ನೀರಾದ್ರೆ ಅವರ ಗಂಟಲಲ್ಲಿ ಇಳಿಯಲ್ಲ."

ಎಂಥಾ ಹೆಂಗಸಕ್ಕ ಇವಳು! ಒಂದು ಚೂರಾದರೂ ಕರುಣೆ ಬೇಡವಾ?

ನಿನ್ನ
ಗುಂಡ